ಚಳವಳಿ ನಿಂತ ಮೇಲೆ ಹೊಲ ಯಾರಿಗೆ ಉಳಿಯಿತು?



1922ರ ಫೆಬ್ರವರಿಯಲ್ಲಿ ಗಾಂಧೀಜಿ ಅಸಹಕಾರ ಚಳವಳಿಯನ್ನು ದಿಢೀರನೆ ನಿಲ್ಲಿಸಿದ್ದು ಸರಿಯೋ ತಪ್ಪೋ ಅನ್ನುವ ವಾದ ನೂರು ವರ್ಷ ದಾಟಿದರೂ ಮುಗಿದಿಲ್ಲ. ಆಗಸ್ಟ್ ಹದಿನೈದು ಹತ್ತಿರ ಬಂತೆಂದರೆ ಸಾಕು, ನಮ್ಮವರ ನಡುವೆ ಮತ್ತೆ ಶುರು. "ಅವತ್ತು ನಿಲ್ಲಿಸದೇ ಇದ್ದಿದ್ದರೆ ಇಪ್ಪತ್ತೈದು ವರ್ಷ ಮೊದಲೇ ಬ್ರಿಟಿಷರು ಗಂಟುಮೂಟೆ ಕಟ್ಟುತ್ತಿದ್ದರು" ಅಂತ ಒಬ್ಬರು. "ನಿಲ್ಲಿಸದಿದ್ದರೆ ರಕ್ತಪಾತ ಆಗುತ್ತಿತ್ತು" ಅಂತ ಇನ್ನೊಬ್ಬರು. ಎರಡೂ ಕಡೆಯವರು ನೋಡುವುದು ಒಬ್ಬ ಮನುಷ್ಯನ ಮನಸ್ಸನ್ನು ಮಾತ್ರ. ಗಾಂಧಿಗೆ ಧೈರ್ಯ ಸಾಲಲಿಲ್ಲವೇ? ಗಾಂಧಿಗೆ ಅಹಿಂಸೆ ಜಾಸ್ತಿಯಾಯಿತೇ?

ನಾವು ಸಾಫ್ಟ್‌ವೇರ್ ಮಂದಿ. ನಡುರಾತ್ರಿ ಸಿಸ್ಟಂ ನಿಂತುಹೋದರೆ ಮ್ಯಾನೇಜರ್ ತಲೆಯಲ್ಲಿ ಏನಿತ್ತು ಅಂತ ಚರ್ಚೆ ಮಾಡುತ್ತಾ ಕೂರುವುದಿಲ್ಲ, ಮೊದಲು ಲಾಗ್ ತೆಗೆದು ನೋಡುತ್ತೇವೆ. ಜನಸಾಮಾನ್ಯರ ಚಳವಳಿಗೂ ಒಂದು ಲಾಗ್ ಇದೆ. ಅದಿರುವುದು ನಾಯಕರ ಆತ್ಮಕಥೆಗಳಲ್ಲಿ ಅಲ್ಲ, ಕಂದಾಯ ಇಲಾಖೆಯ ಕಡತಗಳಲ್ಲಿ: ನೋಟೀಸು, ಜಪ್ತಿ, ಹರಾಜು. ಅಹಿಂಸಾತ್ಮಕ ಚಳವಳಿಗಳು ಯಾಕೆ ನಿಲ್ಲುತ್ತವೆ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ ಅನ್ನುವುದು ನನ್ನ ವಾದ. ಚಳವಳಿ ಚೆನ್ನಾಗಿ ನಿಂತಿತೋ ಕೆಟ್ಟದಾಗಿ ನಿಂತಿತೋ ಅಂತ ಅಳೆಯುವುದಕ್ಕೂ ಅದೇ ಅಳತೆಗೋಲು ಸಾಕು. ತೆರಿಗೆ ಕಟ್ಟುವುದಿಲ್ಲ ಅಂತ ನಿಂತ ರೈತನ ಹೊಲ, ಚಳವಳಿ ಮುಗಿದ ದಿನ ಯಾರ ಹೆಸರಿನಲ್ಲಿತ್ತು?

ಮೊದಲು 1922. ಗಾಂಧಿ, ಖಿಲಾಫತ್ ನಾಯಕರು ಸೇರಿ 1920ರ ಆಗಸ್ಟ್ 1ರಂದು ಅಸಹಕಾರಕ್ಕೆ ಚಾಲನೆ ಕೊಟ್ಟರು. ಅದೇ ದಿನ ತಿಲಕರು ತೀರಿಕೊಂಡರು. ಡಿಸೆಂಬರಿನಲ್ಲಿ ನಾಗಪುರದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ನಮಗೆ, ಕನ್ನಡಿಗರಿಗೆ, ಬೇರೊಂದು ಕಾರಣಕ್ಕೂ ಮುಖ್ಯ. ಪಕ್ಷದ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ರಚಿಸಬೇಕು ಅಂತ ತೀರ್ಮಾನವಾಗಿದ್ದು ಅಲ್ಲೇ. ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಅಂತ ಹರಿದು ಹಂಚಿಹೋಗಿದ್ದ ನಾಡಿಗೆ 'ಕರ್ನಾಟಕ' ಅನ್ನುವ ಹೆಸರಿನ ಒಂದು ಕಾಂಗ್ರೆಸ್ ಸಮಿತಿ ಹುಟ್ಟಿತು, ಗಂಗಾಧರರಾವ್ ದೇಶಪಾಂಡೆ ಅದರ ಅಧ್ಯಕ್ಷರಾದರು. ರಾಜ್ಯ ಆಗುವುದಕ್ಕೆ ಮೂವತ್ತಾರು ವರ್ಷ ಮೊದಲೇ ಚಳವಳಿಯೊಳಗೆ ಕರ್ನಾಟಕ ಒಂದಾಗಿತ್ತು!

ಒಂದು ವರ್ಷದಲ್ಲಿ ಸ್ವರಾಜ್ಯ ಅಂದರು. ವಕೀಲರು ಕೋರ್ಟು ಬಿಟ್ಟರು, ಹುಡುಗರು ಕಾಲೇಜು ಬಿಟ್ಟರು, ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ ಕೂಡಿತು. ವಿದೇಶಿ ಬಟ್ಟೆಯ ಆಮದು 1920-21ರಲ್ಲಿ 102 ಕೋಟಿ ರೂಪಾಯಿ ಇದ್ದದ್ದು ಮರುವರ್ಷ 57 ಕೋಟಿಗೆ ಇಳಿಯಿತು. ಆದರೆ ವರ್ಷ ಕಳೆಯುತ್ತಾ ಬಂದಂತೆ ಕೋರ್ಟು ಬಿಟ್ಟ ವಕೀಲರಲ್ಲಿ ಅನೇಕರು ಮೆಲ್ಲಗೆ ವಾಪಸು ಹೋದರು. ಹುಡುಗರೂ ಹೋದರು. ಹೊಸದಾಗಿ ತೆರೆದ ರಾಷ್ಟ್ರೀಯ ಶಾಲೆಗಳಿಗೆ ದುಡ್ಡಿರಲಿಲ್ಲ. ಗಿರಣಿ ಬಟ್ಟೆಗಿಂತ ಖಾದಿ ದುಬಾರಿ, ಬಡವರು ಎಷ್ಟು ದಿನ ಕೊಂಡಾರು? ಈ ಹೊತ್ತಿಗೆ ಸುಮಾರು 30 ಸಾವಿರ ಜನ ಜೈಲಿನಲ್ಲಿದ್ದರು. ಉಳಿದದ್ದು ಒಂದೇ ಅಸ್ತ್ರ, ಕರನಿರಾಕರಣೆ. ಅದನ್ನು ಸೂರತ್ ಜಿಲ್ಲೆಯ ಬಾರ್ಡೋಲಿ ತಾಲೂಕಿನಲ್ಲಿ ಪ್ರಯೋಗಿಸುತ್ತೇವೆ ಅಂತ ಗಾಂಧಿ ಫೆಬ್ರವರಿ 1ರಂದು ವೈಸರಾಯ್‌ಗೆ ಎಚ್ಚರಿಕೆಯ ಪತ್ರ ಬರೆದರು.

ಮೂರೇ ದಿನ. ಫೆಬ್ರವರಿ 4ರಂದು ಗೋರಖಪುರ ಜಿಲ್ಲೆಯ ಚೌರಿ ಚೌರಾದಲ್ಲಿ ಪೊಲೀಸರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು. ರೊಚ್ಚಿಗೆದ್ದ ಜನ ಠಾಣೆಗೆ ಬೆಂಕಿ ಇಟ್ಟರು. 22 ಪೊಲೀಸರು ಸತ್ತರು. ಫೆಬ್ರವರಿ 12ಕ್ಕೆ ಬಾರ್ಡೋಲಿಯಲ್ಲೇ ಸೇರಿದ್ದ ಕಾಂಗ್ರೆಸ್ ಕಾರ್ಯಸಮಿತಿ ಚಳವಳಿಯನ್ನು ನಿಲ್ಲಿಸುವ ನಿರ್ಣಯ ಮಾಡಿತು. ಮೋತಿಲಾಲ್ ನೆಹರೂ, ಸಿ. ಆರ್. ದಾಸ್, ಲಜಪತ ರಾಯ್ ಎಲ್ಲರೂ ಆಗ ಜೈಲಿನಲ್ಲಿದ್ದರು, ಎಲ್ಲರೂ ಕಿಡಿಕಿಡಿಯಾದರು.

ಆ ನಿರ್ಣಯದಲ್ಲಿ ಬಹಳ ಜನ ಓದದ ಭಾಗ ಒಂದಿದೆ. ರೈತರು ಸರ್ಕಾರಕ್ಕೆ ಕಂದಾಯ ಕಟ್ಟಬೇಕು, ಜಮೀನ್ದಾರರಿಗೆ ಗೇಣಿ ತಡೆಹಿಡಿಯುವುದು ಕಾಂಗ್ರೆಸ್ ನಿರ್ಣಯಕ್ಕೆ ವಿರುದ್ಧ ಅನ್ನುವ ಮಾತುಗಳು ಅದರಲ್ಲಿವೆ. ರಜನಿ ಪಾಮ್ ದತ್ ಅವರಂಥ ಎಡಪಂಥೀಯರು ಇದನ್ನೇ ಹಿಡಿದುಕೊಂಡು, ಚಳವಳಿ ನಿಂತದ್ದು ಅಹಿಂಸೆಗಾಗಿ ಅಲ್ಲ, ಆಸ್ತಿವಂತರ ಭಯಕ್ಕೆ ಅಂದರು. ನನಗೆ ಆ ವಾದ ಪೂರ್ತಿ ಒಪ್ಪಿಗೆಯಿಲ್ಲ. ಅಸಹಕಾರವನ್ನು ಆಸ್ತಿವಂತರ ಭಯ ನಿಲ್ಲಿಸುವುದಾದರೆ ಶುರುವಾಗುವುದಕ್ಕೇ ಬಿಡುತ್ತಿರಲಿಲ್ಲ. ಆದರೆ ದತ್ ಬೆರಳಿಟ್ಟ ಜಾಗ ಮಾತ್ರ ಸರಿ. ಕಂದಾಯ ಕಟ್ಟಿ ಅನ್ನುವ ಆ ಸಾಲು ಆಕಾಶದಿಂದ ಬಿದ್ದದ್ದಲ್ಲ. ಗುಂಟೂರು ಜಿಲ್ಲೆಯ ಪೆದನಂದಿಪಾಡು ಸೀಮೆಯಲ್ಲಿ ರೈತರು ಆಗಲೇ ಕಂದಾಯ ನಿಲ್ಲಿಸಿ ಕೂತಿದ್ದರು. ಇನ್ನೂ ಶುರುವೇ ಆಗದ ಬಾರ್ಡೋಲಿಯ ರೈತ ಏನೂ ಕಳೆದುಕೊಳ್ಳಲಿಲ್ಲ. ಗುಂಟೂರಿನವರು ತಾವೇ ಕಟ್ಟಿದ ಹೋರಾಟವನ್ನು ಕೈಯಾರೆ ಇಳಿಸಬೇಕಾಯಿತು.

ಚೌರಿ ಚೌರಾದ ರೈತರ ಗತಿ ಇನ್ನೂ ಕಠೋರ. 1923ರ ಜನವರಿಯಲ್ಲಿ ಸೆಷನ್ಸ್ ಕೋರ್ಟು 172 ಜನರಿಗೆ ಗಲ್ಲು ವಿಧಿಸಿತು. ಅಲಹಾಬಾದ್ ಹೈಕೋರ್ಟು ಅದನ್ನು 19ಕ್ಕೆ ಇಳಿಸಿತು, ಆ 19 ಜನರನ್ನು ನೇಣಿಗೇರಿಸಿದರು. ಚಳವಳಿಯನ್ನು ನಿಲ್ಲಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಸುಸ್ತಾಗಿದ್ದ ಸೈನ್ಯವನ್ನು ಕೊನೆಯ ಯುದ್ಧಕ್ಕೆ ನೂಕುವುದು ವಿವೇಕವಲ್ಲ. ಆದರೆ 'ಅಪರಾಧ' ಅನ್ನುವ ಒಂದೇ ಪದದಲ್ಲಿ ಆ ಹಳ್ಳಿಯವರನ್ನು ಕಟ್ಟಿ ಆಚೆಗಿಟ್ಟರಲ್ಲ, ಅದು ಸರಿಯಲ್ಲ. ಅವರೂ ಗಾಂಧಿಗೆ ಜೈ ಅಂದುಕೊಂಡೇ ಬಂದವರು.

ಇಲ್ಲಿ ಸ್ವಲ್ಪ ನಿಂತು, ಕರನಿರಾಕರಣೆ ಅಂದರೆ ರೈತನ ಮನೆಯಲ್ಲಿ ಏನಾಗುತ್ತದೆ ಅಂತ ನೋಡೋಣ. ಮುಂಬಯಿ ಪ್ರಾಂತದಲ್ಲಿದ್ದದ್ದು ರೈತವಾರಿ ಪದ್ಧತಿ. ಸರ್ಕಾರಕ್ಕೂ ರೈತನಿಗೂ ನಡುವೆ ಜಮೀನ್ದಾರ ಇಲ್ಲ. ಕಂತು ತಪ್ಪಿದರೆ ಮೊದಲು ನೋಟೀಸು. ಆಮೇಲೆ ದಂಡ. ಆಮೇಲೆ ಜಪ್ತಿ: ಎಮ್ಮೆ, ಎತ್ತಿನಗಾಡಿ, ತಾಮ್ರದ ಹಂಡೆ, ಅಟ್ಟದ ಮೇಲಿನ ಅಡಿಕೆ. ಅದಕ್ಕೂ ಬಗ್ಗದಿದ್ದರೆ ಜಮೀನೇ ಸರ್ಕಾರದ ಪಾಲು, ಕೊನೆಗೆ ಹರಾಜು. ಈ ಏಣಿಯ ಪ್ರತಿ ಮೆಟ್ಟಿಲಿಗೂ ಕಾನೂನಿನ ಕಲಮು ಇದೆ, ತಾರೀಖು ಇದೆ. ಸರ್ಕಾರ ಲಾಠಿ ಎತ್ತಬೇಕಾದ್ದೇ ಇಲ್ಲ, ಕಾದರೆ ಸಾಕು. ಜೈಲಿಗೆ ಹೋದವನು ಆರು ತಿಂಗಳಿಗೆ ವಾಪಸು ಬರುತ್ತಾನೆ, ಮೆರವಣಿಗೆಯೂ ಸಿಗುತ್ತದೆ. ಹರಾಜಾದ ತೋಟ ವಾಪಸು ಬರುವುದಿಲ್ಲ. ಅದನ್ನು ಹಿಡಿದವನು ಬಿಳಿಯನಾಗಿರಲೂ ಬೇಕಿಲ್ಲ, ಪಕ್ಕದೂರಿನ ಸಾಹುಕಾರನೇ ಆಗಿರಬಹುದು. ಅಹಿಂಸಾ ಚಳವಳಿಯ ನಿಜವಾದ ಗಡಿಯಾರ ಇದು. ನಾಯಕರ ಕೈಗಡಿಯಾರ ನೋಡಿಕೊಂಡು ಕೂತರೆ ನಮಗೆ ವೇಳೆ ಗೊತ್ತಾಗುವುದಿಲ್ಲ.

ಈ ಗಡಿಯಾರವನ್ನು ಚೆನ್ನಾಗಿ ಓದಿದವರು ವಲ್ಲಭಭಾಯಿ ಪಟೇಲರು. ಬಾರ್ಡೋಲಿಯಲ್ಲಿ ಸರ್ಕಾರ ಭೂಕಂದಾಯವನ್ನು ಮೊದಲು ನೂರಕ್ಕೆ 30ರಷ್ಟು, ಕೂಗೆದ್ದ ಮೇಲೆ 22ರಷ್ಟು ಏರಿಸಿತ್ತು. 1928ರ ಫೆಬ್ರವರಿ 12ರಂದು, ಅಂದರೆ ಹಿಂದೆ ಚಳವಳಿ ನಿಲ್ಲಿಸಿದ ದಿನಕ್ಕೆ ಸರಿಯಾಗಿ ಆರು ವರ್ಷಕ್ಕೆ, ಅದೇ ಊರಿನಲ್ಲಿ ಸತ್ಯಾಗ್ರಹ ಶುರುವಾಯಿತು. ಜಪ್ತಿಗೆ ಸರ್ಕಾರ ಹೊರಗಿನಿಂದ ಪಠಾಣರನ್ನು ಕರೆಸಿತು. ಜನ ತಿಂಗಳುಗಟ್ಟಲೆ ತಮ್ಮ ಎಮ್ಮೆಗಳ ಜೊತೆಗೆ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತರು. ಬೇಡಿಕೆ ಒಂದೇ, ಏರಿಕೆಯನ್ನು ನಿಷ್ಪಕ್ಷಪಾತವಾಗಿ ಮತ್ತೆ ತನಿಖೆ ಮಾಡಿ. ಸ್ವರಾಜ್ಯದ ಮಾತಿಲ್ಲ. ಆಗಸ್ಟಿನಲ್ಲಿ ರಾಜಿಯಾಯಿತು. ವಶಪಡಿಸಿಕೊಂಡ ಜಮೀನು ವಾಪಸು, ರಾಜೀನಾಮೆ ಕೊಟ್ಟಿದ್ದ ಗ್ರಾಮಾಧಿಕಾರಿಗಳಿಗೆ ಕೆಲಸ ವಾಪಸು. ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್ ಎಂಬಿಬ್ಬರು ಅಧಿಕಾರಿಗಳು ತನಿಖೆ ಮಾಡಿ 22 ಅಲ್ಲ, 6.03 ಸಾಕು ಅಂದರು. ಈ ಬ್ರೂಮ್‌ಫೀಲ್ಡ್ ಯಾರು ಗೊತ್ತೇ? 1922ರ ಮಾರ್ಚಿನಲ್ಲಿ ಅಹಮದಾಬಾದಿನಲ್ಲಿ ಗಾಂಧಿಗೆ ಆರು ವರ್ಷ ಜೈಲು ವಿಧಿಸಿದ ಅದೇ ನ್ಯಾಯಾಧೀಶರು!

ನನ್ನ ಅಳತೆಗೋಲಿನಲ್ಲಿ ಬಾರ್ಡೋಲಿಯದು ಅತ್ಯುತ್ತಮ ಮುಕ್ತಾಯ. ಹೊಲ ಹೊಲದವನಿಗೇ ಉಳಿಯಿತು. ಆದರೆ ಬೇಡಿಕೆ ಅಷ್ಟು ಚಿಕ್ಕದಾಗಿದ್ದರಿಂದಲೇ ಹಾಗೆ ಮುಗಿಯಲು ಸಾಧ್ಯವಾಯಿತು ಅನ್ನುವುದನ್ನೂ ಒಪ್ಪಬೇಕು. ಕಂದಾಯದಲ್ಲಿ ನೂರಕ್ಕೆ ಹದಿನಾರು ಬಿಟ್ಟುಕೊಟ್ಟರೆ ಸಾಮ್ರಾಜ್ಯ ಮುಳುಗುವುದಿಲ್ಲ. ಸಾಮ್ರಾಜ್ಯವನ್ನೇ ಬಿಟ್ಟುಕೊಡಿ ಅಂದರೆ?

ಅದಕ್ಕೆ ಹೋಗುವ ಮುಂಚೆ, ಎರಡು ದೊಡ್ಡ ಚಳವಳಿಗಳ ನಡುವಿನ ಎಂಟು ವರ್ಷದಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ನಡೆದ ಒಂದು ಕೆಲಸ ಹೇಳಲೇಬೇಕು. ಡಾ. ನಾ. ಸು. ಹರ್ಡೀಕರರು ನಮ್ಮ ಹಾಗೇ ಕಡಲು ದಾಟಿ ಹೋದವರು. ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲಿದ್ದಾಗ ಲಾಲಾ ಲಜಪತ ರಾಯ್ ಅವರ ಹೋಮ್ ರೂಲ್ ಕೆಲಸದಲ್ಲಿ ಕೈಜೋಡಿಸಿದರು, 1921ರಲ್ಲಿ ಊರಿಗೆ ಮರಳಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಸೇರಿದವರಲ್ಲಿ ಎಷ್ಟೋ ಜನ ಕಷ್ಟ ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರ ಹುಬ್ಬಳ್ಳಿ ತಂಡ ಬರೆದುಕೊಡಲಿಲ್ಲ. ತರಬೇತಿ ಇದ್ದವನಿಗೂ ಇಲ್ಲದವನಿಗೂ ಇರುವ ಅಂತರ ಎಲ್ಲರ ಕಣ್ಣಿಗೆ ಬಿತ್ತು. ಅದೇ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು, ಹುಬ್ಬಳ್ಳಿಯೇ ಅದರ ಕೇಂದ್ರವಾಯಿತು. ಚೌರಿ ಚೌರಾದಲ್ಲಿ ಏನು ಕೊರತೆಯಿತ್ತೋ ಅದನ್ನು ತುಂಬುವ ಕೆಲಸ ಅದು. ಕವಾಯತು, ಶಿಸ್ತು, ಏಟು ಬಿದ್ದರೂ ಕೈಯೆತ್ತದೆ ನಿಲ್ಲುವ ಅಭ್ಯಾಸ. ಪತ್ರಿಕೆಗಳಿಗೆ ಸುದ್ದಿಯಾಗದ, ಭಾಷಣಕ್ಕೆ ಒದಗದ ಕೆಲಸ. ಚಳವಳಿ 'ನಿಂತಿದ್ದ' ಕಾಲದಲ್ಲೇ ನಡೆದದ್ದು.

ಇನ್ನು 1930. ದಂಡಿಗೆ ನಡೆದ 78 ಜನರಲ್ಲಿ ಕನ್ನಡಿಗ ಒಬ್ಬರೇ, ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ, ಇನ್ನೂ ಇಪ್ಪತ್ತು ತುಂಬದ ಹುಡುಗ. ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪಿನ ಕಾನೂನು ಮುರಿದರು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದ ಜಿಲ್ಲೆ. ಉಪ್ಪಿನಿಂದ ಕಂದಾಯಕ್ಕೆ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಜಗತ್ತಿನ ಆರ್ಥಿಕ ಕುಸಿತದಿಂದ ಬೆಳೆಗಳ ಬೆಲೆ ನೆಲಕಚ್ಚಿತ್ತು, ಕಂದಾಯ ಮಾತ್ರ ಹಳೇ ದರದಲ್ಲೇ ಇತ್ತು. ಅಂಕೋಲಾ, ಸಿದ್ದಾಪುರ ತಾಲೂಕುಗಳು, ಧಾರವಾಡ ಜಿಲ್ಲೆಯ ಹಿರೇಕೆರೂರು, ಕರ್ನಾಟಕದಲ್ಲಿ ಕರನಿರಾಕರಣೆ ಬಿಗಿಯಾಗಿ ನಿಂತದ್ದು ಇಲ್ಲಿ.

1931ರ ಮಾರ್ಚ್ 5ರಂದು ಗಾಂಧಿ-ಇರ್ವಿನ್ ಒಪ್ಪಂದವಾಯಿತು. ಹಿಂಸೆಯ ಆರೋಪವಿಲ್ಲದ ಕೈದಿಗಳ ಬಿಡುಗಡೆ, ಕರಾವಳಿಯ ಹಳ್ಳಿಗರು ಮನೆಬಳಕೆಗೆ ಉಪ್ಪು ಮಾಡಿಕೊಳ್ಳಬಹುದು, ಶಾಂತವಾಗಿ ಪಿಕೆಟಿಂಗ್ ಮಾಡಬಹುದು. ಪೊಲೀಸರ ಅತಿರೇಕದ ಬಗ್ಗೆ ತನಿಖೆ ಇಲ್ಲ. ಭಗತ್ ಸಿಂಗ್ ಮತ್ತು ಜೊತೆಗಾರರ ಗಲ್ಲು ತಪ್ಪಲಿಲ್ಲ, ಮಾರ್ಚ್ 23ಕ್ಕೆ ನೇಣಿಗೇರಿಸಿದರು. ನಾವು ಜಗಳವಾಡುವುದು ಈ ಕೊನೆಯದರ ಬಗ್ಗೆ. ಅದು ಸಹಜವೇ. ಆದರೆ ಅದೇ ಒಪ್ಪಂದದಲ್ಲಿ ಇನ್ನೊಂದು ಕಲಮು ಇದೆ. ವಶಪಡಿಸಿಕೊಂಡ ಜಮೀನು ಸರ್ಕಾರದ ಕೈಯಲ್ಲೇ ಇದ್ದರೆ ವಾಪಸು. ಮೂರನೆಯವರಿಗೆ ಮಾರಾಟವಾಗಿದ್ದರೆ ಆ ವ್ಯವಹಾರ ಮುಗಿದ ಹಾಗೇ. ಚಳವಳಿಗಾಗಿ ರಾಜೀನಾಮೆ ಕೊಟ್ಟ ಗ್ರಾಮಾಧಿಕಾರಿಯ ಜಾಗಕ್ಕೆ ಬೇರೆಯವರನ್ನು ಕಾಯಂ ಮಾಡಿದ್ದರೆ, ಅದೂ ಅಷ್ಟೇ.

ಅಂದರೆ ಎಲ್ಲರಿಗಿಂತ ಮೊದಲು ನಿಂತವನು, ಎಲ್ಲರಿಗಿಂತ ಹೆಚ್ಚು ದಿನ ನಿಂತವನು, ಯಾರ ಹೊಲ ಹರಾಜಿನ ತನಕ ಹೋಯಿತೋ ಅವನು, ಅವನಿಗೆ ಏನೂ ಸಿಗಲಿಲ್ಲ. ತಡವಾಗಿ ಸೇರಿ ನೋಟೀಸಿನ ಹಂತದಲ್ಲಿದ್ದವನು ಬಚಾವ್! ಮಾರಾಟವಾದ ಜಮೀನೂ ವಾಪಸಾಗಬೇಕು ಅಂತ ಗಾಂಧಿ ಮಾತುಕತೆಯಲ್ಲಿ ಪಟ್ಟು ಹಿಡಿದಿದ್ದರು, ಗಿಟ್ಟಲಿಲ್ಲ.

ಹಾಗಾದರೆ ಯಾಕೆ ಒಪ್ಪಿದರು? ಮುಂಬಯಿಯ ವ್ಯಾಪಾರಿಗಳಿಗೆ ವ್ಯವಹಾರ ಕೆಟ್ಟು ಸಾಕುಸಾಕಾಗಿತ್ತು, ಅವರ ಒತ್ತಡ ಇತ್ತು ಅಂತ ಇತಿಹಾಸಕಾರ ಸುಮಿತ್ ಸರ್ಕಾರ್ ಬರೆದಿದ್ದಾರೆ. ಬಿಪನ್ ಚಂದ್ರ ಬೇರೆ ಥರ ಹೇಳುತ್ತಾರೆ: ಯಾವ ಜನಚಳವಳಿಯೂ ಸದಾ ಏರುಗತಿಯಲ್ಲಿ ಇರಲಾರದು, ಹೋರಾಟ, ವಿರಾಮ, ಮತ್ತೆ ಹೋರಾಟ, ಇದು ಗಾಂಧಿಯ ಲೆಕ್ಕಾಚಾರ. ನನಗೆ ಇಬ್ಬರೂ ಪಟ್ಟಣದಿಂದ ನೋಡಿದವರಂತೆ ಕಾಣುತ್ತಾರೆ. ಸಾಹುಕಾರನಿಗೆ ಸುಸ್ತಾದರೆ ಅಂಗಡಿ ತೆಗೆಯುತ್ತಾನೆ, ಕಾರ್ಯಕರ್ತನಿಗೆ ಸುಸ್ತಾದರೆ ವಿರಾಮ ಅನ್ನುತ್ತಾನೆ. ರೈತನಿಗೆ ವಿರಾಮ ಅನ್ನುವುದು ಮುಂದಿನ ಮಳೆಗಾಲದೊಳಗೆ ಬರಬೇಕು, ಹೊಲ ಕೈಯಲ್ಲಿರುವಾಗಲೇ ಬರಬೇಕು.

ಅಹಿಂಸಾತ್ಮಕ ಹೋರಾಟಗಳ ಬಗ್ಗೆ ಈಗ ಅಂಕಿಅಂಶಗಳ ದೊಡ್ಡ ಅಧ್ಯಯನಗಳೂ ಬಂದಿವೆ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ 2011ರಲ್ಲಿ ಪ್ರಕಟಿಸಿದ ಪುಸ್ತಕ ಪ್ರಸಿದ್ಧವಾದದ್ದು. 1900ರಿಂದ 2006ರವರೆಗಿನ 323 ಚಳವಳಿಗಳನ್ನು ಲೆಕ್ಕ ಹಾಕಿ, ಅಹಿಂಸೆಯವು ನೂರಕ್ಕೆ 53, ಹಿಂಸೆಯವು 26 ಗೆದ್ದವು ಅನ್ನುತ್ತಾರೆ. ನಮ್ಮಂಥ ಇಂಜಿನಿಯರುಗಳಿಗೆ ಇಂಥ ಕೋಷ್ಟಕ ಕಂಡರೆ ಪ್ರೀತಿ, ಬಹಳ ಕಡೆ ಇದನ್ನೇ ಉದಾಹರಿಸುತ್ತೇವೆ. ಕೆಲಸ ಒಳ್ಳೆಯದೇ. ಆದರೆ ಆ ಕೋಷ್ಟಕದ 'ಗೆಲುವು', 'ಸೋಲು' ಅನ್ನುವ ಕಂಬಗಳಲ್ಲಿ, ದೇಶ ಗೆದ್ದರೂ ತೋಟ ಕಳೆದುಕೊಂಡ ಸಿದ್ದಾಪುರದವನನ್ನು ಎಲ್ಲಿ ಕೂರಿಸುವುದು?

1932ರ ಜನವರಿಯಲ್ಲಿ ಎರಡನೇ ಸುತ್ತು ಶುರುವಾದಾಗ ವೈಸರಾಯ್ ಬದಲಾಗಿದ್ದರು. ವಿಲಿಂಗ್ಡನ್ ಹಿಂದಿನ ಪಾಠ ಕಲಿತಿದ್ದರು: ಮಾತುಕತೆ ಇಲ್ಲ, ಮೊದಲ ದಿನವೇ ಹೊಡೆತ. ಸುಗ್ರೀವಾಜ್ಞೆ ಮೇಲೆ ಸುಗ್ರೀವಾಜ್ಞೆ, ಗಾಂಧಿ ಜೈಲಿಗೆ, ಕೆಲವೇ ತಿಂಗಳಲ್ಲಿ ಹತ್ತಾರು ಸಾವಿರ ಜನ ಒಳಗೆ. ಉತ್ತರ ಕನ್ನಡದ ಚಳವಳಿಯ ಅತಿ ದೊಡ್ಡ ಅಧ್ಯಾಯ ಈ ಸುತ್ತಿನದು. ಗಂಡಸರು ಜೈಲು ಸೇರಿದ ಮೇಲೆ ಹೆಂಗಸರು ಮುಂದೆ ಬಂದರು. ಜಪ್ತಿಯಾದ ಸೊತ್ತನ್ನು ಕೊಂಡವರ ಮನೆಯ ಮುಂದೆ ಉಪವಾಸ ಕೂತರು. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಆ ಮಹಿಳೆಯರ ಸ್ಮಾರಕ ಇದೆ. ಜೋಗಕ್ಕೆ ಹೋಗುವವರು ಹತ್ತಿರದಲ್ಲೇ ಹಾದುಹೋಗುತ್ತೇವೆ, ಗಾಡಿ ನಿಲ್ಲಿಸುವವರು ಕಡಿಮೆ. ಗಮನಿಸಿ, ಅವರು ಕೂತದ್ದು ಕಲೆಕ್ಟರ್ ಕಚೇರಿಯ ಮುಂದಲ್ಲ. ಒಪ್ಪಂದದ ಆ ಕಲಮಿನಲ್ಲಿ ಅಡಗಿದ್ದ 'ಮೂರನೆಯವ' ಯಾರು ಅಂತ ಅವರಿಗೆ ಗೊತ್ತಿತ್ತು, ನೇರ ಅವನ ಅಂಗಳಕ್ಕೇ ಹೋದರು. ಹರಾಜಿನಲ್ಲಿ ಕೊಳ್ಳುವವನೇ ಇಲ್ಲದಿದ್ದರೆ ಸರ್ಕಾರದ ಏಣಿಯ ಕೊನೆಯ ಮೆಟ್ಟಿಲು ಮುರಿದ ಹಾಗೆ. ದೊಡ್ಡ ನಾಯಕರ ಒಪ್ಪಂದಕ್ಕೆ ಎಟುಕದ್ದು ಈ ತಾಯಂದಿರಿಗೆ ಹೊಳೆದಿತ್ತು.

ಈ ಸುತ್ತು ಒಂದು ದಿನದಲ್ಲಿ ನಿಲ್ಲಲಿಲ್ಲ, ಸೊರಗುತ್ತಾ ಹೋಯಿತು. 1933ರ ಮೇ ತಿಂಗಳಲ್ಲಿ ತಾತ್ಕಾಲಿಕ ನಿಲುಗಡೆ, ಜುಲೈ ನಂತರ ಸಾಮೂಹಿಕದ ಬದಲು ವೈಯಕ್ತಿಕ ಸತ್ಯಾಗ್ರಹ, 1934ರ ಏಪ್ರಿಲಿನಲ್ಲಿ ಅದಕ್ಕೂ ತೆರೆ. ಒಪ್ಪಂದ ಇಲ್ಲ, ಕಲಮು ಇಲ್ಲ, ಜಮೀನಿನ ಮಾತೇ ಇಲ್ಲ.

1933ರ ಆ ನಿಲುಗಡೆಗೆ ಅತ್ಯಂತ ಖಾರವಾದ ಪ್ರತಿಕ್ರಿಯೆ ಬಂದದ್ದು ಎಲ್ಲಿಂದ? ವಿಯೆನ್ನಾದಿಂದ. ಸುಭಾಷ್ ಚಂದ್ರ ಬೋಸ್ ಮತ್ತು ವಿಠಲಭಾಯಿ ಪಟೇಲ್ ಅಲ್ಲಿಂದ ಜಂಟಿ ಹೇಳಿಕೆ ಹೊರಡಿಸಿ, ರಾಜಕೀಯ ನಾಯಕರಾಗಿ ಗಾಂಧಿ ಸೋತಿದ್ದಾರೆ, ಹೊಸ ನಾಯಕತ್ವ ಬೇಕು ಅಂದರು. ಹೊರದೇಶದಲ್ಲಿ ಕೂತು ಊರಿನ ಹೋರಾಟದ ಬಗ್ಗೆ ಬರೆಯುವ ನಮಗೆ ಈ ಘಟನೆ ಮನಸ್ಸಿಗೆ ಹತ್ತಿರ. ಅವರ ಸಿಟ್ಟಿಗೆ ಅಧಿಕಾರವಿತ್ತು. ಇಬ್ಬರೂ ಜೈಲಿನಿಂದ ಆರೋಗ್ಯ ಕೆಡಿಸಿಕೊಂಡು ಚಿಕಿತ್ಸೆಗೆ ಹೋದವರು, ವಿಠಲಭಾಯಿ ಅದೇ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು. ನಾವು ಆಫೀಸಿನ ಕೆಲಸದ ನಡುವೆ "ಚಳವಳಿ ಮಾರಿಕೊಂಡರು" ಅಂತ ಎರಡು ಸಾಲು ಗೀಚಿ ಕಳಿಸುತ್ತೇವಲ್ಲ, ನಮಗೆ ಆ ಅಧಿಕಾರ ಎಲ್ಲಿಂದ ಬಂತು? ಕಾವೇರಿಗೆ, ಮಹದಾಯಿಗೆ, ಭಾಷೆಗೆ ಊರಿನಲ್ಲಿ ಧರಣಿ ಕೂತವರು ಎದ್ದುಬಂದಾಗ ನಾವು ಇಲ್ಲಿಂದ ಮೊದಲು ಕೇಳಬೇಕಾದದ್ದು "ಯಾಕೆ ಎದ್ದಿರಿ" ಅಂತಲ್ಲ. ಕೇಸು ಎಷ್ಟು ಬಿದ್ದಿವೆ, ವಕೀಲರ ಖರ್ಚು ಯಾರು ನೋಡುತ್ತಿದ್ದಾರೆ, ಎಷ್ಟು ದಿನದ ಕೂಲಿ ಹೋಯಿತು ಅಂತ. ಅದನ್ನು ವಿಚಾರಿಸುವವರು ನಮ್ಮಲ್ಲಿ ಇದ್ದಾರೆ, ಇಲ್ಲವೆಂದಲ್ಲ. ಆದರೆ ಪಿಟಿಷನ್ನಿಗೆ ಸಹಿ ಹಾಕುವವರ ಪಟ್ಟಿಗೂ ಅವರ ಪಟ್ಟಿಗೂ ಉದ್ದದಲ್ಲಿ ಬಹಳ ವ್ಯತ್ಯಾಸವಿದೆ.

ಉತ್ತರ ಕನ್ನಡದ ಜಮೀನಿನ ಕತೆ 1934ಕ್ಕೆ ಮುಗಿಯಲಿಲ್ಲ. ಮುಗಿದದ್ದು ಯಾರೂ ಎಣಿಸದ ದಾರಿಯಲ್ಲಿ. ಸತ್ಯಾಗ್ರಹ ಬಿಟ್ಟು ಶಾಸನಸಭೆಗೆ ಹೋಗುವುದನ್ನು ಕಟ್ಟಾ ಹೋರಾಟಗಾರರು ಕುರ್ಚಿಯ ಆಸೆ ಅಂತ ಹೀಯಾಳಿಸಿದ್ದರು. 1937ರಲ್ಲಿ ಬಾಳ ಗಂಗಾಧರ ಖೇರರ ಕಾಂಗ್ರೆಸ್ ಮಂತ್ರಿಮಂಡಲ ಮುಂಬಯಿ ಪ್ರಾಂತದಲ್ಲಿ ಅಧಿಕಾರಕ್ಕೆ ಬಂತು. ಇದ್ದದ್ದು ಎರಡು ವರ್ಷ ಚಿಲ್ಲರೆ. ಅಷ್ಟರಲ್ಲಿ ಅದು ಮಾಡಿದ ಕೆಲಸಗಳಲ್ಲಿ ಒಂದು, ಕರನಿರಾಕರಣೆಯಲ್ಲಿ ಮಾರಾಟವಾದ ಜಮೀನುಗಳನ್ನು ಮೂಲ ಒಡೆಯರಿಗೆ ಮರಳಿಸಿದ್ದು. ದಂಡಿ ಯಾತ್ರೆಗೆ ಸಾಧ್ಯವಾಗದ್ದು, ವೈಸರಾಯ್ ಜೊತೆ ಕೂತು ಮಾಡಿದ ಒಪ್ಪಂದಕ್ಕೆ ಸಾಧ್ಯವಾಗದ್ದು, ಬ್ರಿಟಿಷರದೇ 1935ರ ಕಾಯ್ದೆಯಡಿ ಚುನಾವಣೆ ಗೆದ್ದು ಬಂದ ಒಂದು ಅರೆಬರೆ ಸರ್ಕಾರಕ್ಕೆ ಸಾಧ್ಯವಾಯಿತು. ಹಾಗೆಂದು ಚುನಾವಣೆ ಮೇಲು, ಸತ್ಯಾಗ್ರಹ ಕೀಳು ಅಂತ ಓದಿಕೊಳ್ಳಬೇಡಿ. ಸತ್ಯಾಗ್ರಹ ನಡೆಯದಿದ್ದರೆ ಆ ಚುನಾವಣೆಯಲ್ಲಿ ಖೇರರಿಗೆ ಓಟು ಬೀಳುತ್ತಿರಲಿಲ್ಲ. ಚಳವಳಿ ನಿಲ್ಲಿಸಿದವರು ಆ ಸಾಲವನ್ನು ಮರೆಯಲಿಲ್ಲ ಅನ್ನುವುದು ಇಲ್ಲಿ ಮುಖ್ಯ. ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಸಾಲ ತೀರಿಸುವ ಹೊಣೆಯೂ ಅವರದೇ. ಇದನ್ನು ಉಳಿಸಿಕೊಂಡ ಪಕ್ಷಗಳು ನಮ್ಮ ಚರಿತ್ರೆಯಲ್ಲಿ ಹೆಚ್ಚಿಲ್ಲ.

ನಿಲ್ಲಿಸಲು ಯಾರೂ ಇಲ್ಲದಿದ್ದರೆ ಏನಾಗುತ್ತದೆ ಅಂತಲೂ ನಮ್ಮ ನಾಡು ನೋಡಿದೆ. 1942ರ ಆಗಸ್ಟ್ 9ರ ಬೆಳಗಿನೊಳಗೆ ಕಾಂಗ್ರೆಸ್ಸಿನ ದೊಡ್ಡ ತಲೆಗಳೆಲ್ಲ ಜೈಲು ಸೇರಿದ್ದವು. ಚಳವಳಿಗೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ಮೈಸೂರು ಸಂಸ್ಥಾನದ ಶಿಕಾರಿಪುರದ ಹತ್ತಿರ ಈಸೂರಿನವರು ತಮ್ಮೂರು ಸ್ವತಂತ್ರ, ಕಂದಾಯ ಕೊಡೆವು ಅಂದರು. ಸೆಪ್ಟೆಂಬರ್ 28ರ ಗಲಭೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಸತ್ತರು. ಊರಿನ ಮೇಲೆ ಪಡೆ ಬಿತ್ತು, ಜನ ಕಾಡು ಸೇರಿದರು, 1943ರ ಮಾರ್ಚಿನಲ್ಲಿ ಐವರಿಗೆ ಗಲ್ಲಾಯಿತು. ಚೌರಿ ಚೌರಾ ಆದಾಗ ನಿಲ್ಲಿಸಿ ಅನ್ನುವ ದನಿ ಒಂದಾದರೂ ಇತ್ತು. ಈಸೂರಿನ ವೇಳೆಗೆ ಆ ದನಿ ಆಗಾಖಾನ್ ಅರಮನೆಯಲ್ಲಿ ಬಂದಿಯಾಗಿತ್ತು.

ದಂಡಿಗೆ ನಡೆದ ಮೈಲಾರ ಮಹದೇವಪ್ಪನವರು ಕೊನೆಯಾದದ್ದೂ ಈ ಸುತ್ತಿನಲ್ಲಿ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಪೊಲೀಸರ ಗುಂಡು ತಾಗಿದಾಗ ಅವರು ನುಗ್ಗಿದ್ದು ಕಂದಾಯದ ಹಣ ಕೂಡಿಟ್ಟಿದ್ದ ಜಾಗಕ್ಕೆ. ಉಪ್ಪಿನ ತೆರಿಗೆಯಿಂದ ಶುರುವಾದ ಬದುಕು ಭೂಕಂದಾಯದ ಪೆಟ್ಟಿಗೆಯ ಮುಂದೆ ಮುಗಿಯಿತು. ಅವರಿಗೆ ಆಗ ಮೂವತ್ತೊಂದು ವರ್ಷ.

ಕೊನೆಗೆ ಒಂದು ಕೆಲಸದ ಮಾತು. ಅಂಕೋಲಾ, ಸಿದ್ದಾಪುರ, ಹಿರೇಕೆರೂರು ಕಡೆಯವರು ನಮ್ಮ ಈ ಪತ್ರದ ಓದುಗರಲ್ಲಿ ಖಂಡಿತ ಇದ್ದೀರಿ. ನಿಮ್ಮ ಅಜ್ಜನ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ 1930ರಿಂದ 1939ರವರೆಗಿನ ಕಂದಾಯದ ನೋಟೀಸು, ಜಪ್ತಿಯ ಪಟ್ಟಿ, ಹರಾಜಿನ ಕಾಗದ, ಜಮೀನು ಮರಳಿ ಬಂದ ಆದೇಶ, ಏನಾದರೂ ಇರಬಹುದು. ಮುಂದಿನ ಸಲ ರಜೆಗೆ ಊರಿಗೆ ಹೋದಾಗ ಅದನ್ನು ಹುಡುಕಿ, ಎರಡೂ ಬದಿಯ ಫೋಟೋ ತೆಗೆದಿಡಿ. ಗೆದ್ದಲು ಹಿಡಿದಿದ್ದರೂ ಪರವಾಗಿಲ್ಲ, ಇದ್ದಷ್ಟು ತೆಗೆಯಿರಿ. ಹರಾಜಿನಲ್ಲಿ ಕೊಂಡವರ ಮನೆತನದವರೂ ನಮ್ಮಲ್ಲಿ ಇರಬಹುದು, ಅವರ ಕಾಗದಗಳೂ ಬೇಕು. ನಾಚಿಕೆಪಡುವ ವಿಷಯವಲ್ಲ, ತೊಂಬತ್ತು ವರ್ಷವಾಯಿತು. ಮನೆಯ ಹಿರಿಯರಿಗೆ ನೆನಪಿದ್ದರೆ ಯಾವ ಸರ್ವೆ ನಂಬರು, ಎಷ್ಟು ಎಕರೆ, ಎಷ್ಟಕ್ಕೆ ಹೋಯಿತು ಅಂತ ಕೇಳಿ ಬರೆದುಕೊಳ್ಳಿ. ನಮ್ಮ ಬಳಗಕ್ಕೆ ಕಳಿಸಿದರೆ ತಾಲೂಕುವಾರು ಜೋಡಿಸಿಡುವ ಕೆಲಸ ನಾನು ಮಾಡುತ್ತೇನೆ.